ಗಾಡಿಗೆ ಉಷ್ಣ ಆಗಬಾರದು

ಎರಡನೇ ಸಲ ತಡವಾಗಿ ಹೋದ ಶುಕ್ರವಾರ ಪ್ರಿನ್ಸಿಪಾಲರು ಬೈಯಲಿಲ್ಲ. ಹಾಜರಿ ಪುಸ್ತಕ ಮುಚ್ಚಿಟ್ಟು, "ಮೇಡಂ, ಇನ್ನೊಂದ್ ಸಲ ಹಿಂಗಾದ್ರೆ ಆ ಕ್ಲಾಸ್ ಬೇರೆಯವ್ರಿಗೆ ಕೊಟ್ಬಿಡ್ತೀನಿ, ಬೇಜಾರ್ ಮಾಡ್ಕೋಬೇಡಿ" ಎಂದರು. ಬೈದಿದ್ದರೇ ಚೆನ್ನಾಗಿತ್ತು.

ತೀರ್ಥಹಳ್ಳಿಯ ಆ ಕಾಲೇಜಿನಲ್ಲಿ ನಾನು ಅತಿಥಿ ಉಪನ್ಯಾಸಕಿ. ಭೌತಶಾಸ್ತ್ರ, ದಿನಕ್ಕೊಂದು ಪೀರಿಯಡ್, ಅದೂ ಬೆಳಗಿನ ಮೊದಲನೆಯದು. ಅದು ಹೋದರೆ ಕೆಲಸವೇ ಹೋದಂತೆ. ನಮ್ಮ ಮನೆಯಲ್ಲಿ ನನಗಿಂತ ಮೊದಲು ಯಾರೂ ಹತ್ತನೇ ಕ್ಲಾಸು ದಾಟಿರಲಿಲ್ಲ. ಬೀಡಿ ಕಟ್ಟುತ್ತಿದ್ದ ಅಮ್ಮನ ಪಕ್ಕ ಕೂತು ಓದಿ ಎಂ.ಎಸ್ಸಿ. ಮುಗಿಸಿದವಳು ನಾನು. ಆ ಒಂದು ಗಂಟೆಯನ್ನು ಬಿಡುವ ಮಾತೇ ಇರಲಿಲ್ಲ.

ಹೊಸನಗರದ ಹತ್ತಿರದ ನಮ್ಮೂರಿಂದ ಹೊರಡುವ ಮೊದಲ ಬಸ್ಸು ತೀರ್ಥಹಳ್ಳಿ ತಲುಪುವಷ್ಟರಲ್ಲಿ ಬೆಲ್ ಹೊಡೆದಾಗಿರುತ್ತದೆ. ಅದಕ್ಕೇ ಒಂದು ಹಳೇ ಪೆಟ್ರೋಲ್ ಕಾರು ತೆಗೆದುಕೊಂಡಿದ್ದೆ. ಆದರೆ ಮಳೆಗಾಲ ಕಳೆದು ಚಳಿ ಬಿದ್ದ ಮೇಲೆ ಅದರ ವರಸೆಯೇ ಬದಲಾಯಿತು. ಬೆಳಿಗ್ಗೆ ಕೀ ತಿರುಗಿಸಿದರೆ ಕೆಮ್ಮುವುದು, ಮೈಯೆಲ್ಲ ನಡುಗಿಸುವುದು, ನಿಂತುಬಿಡುವುದು. ಹೇಗೋ ಹಿಡಿದುಕೊಂಡರೆ ಗೇರು ಹಾಕಿದ ಕೂಡಲೇ ಮತ್ತೆ ಆಫ್. ಹಿಂದಿನಿಂದ ಪೆಟ್ರೋಲ್ ವಾಸನೆಯ ಕಪ್ಪು ಹೊಗೆ. ಲೀಟರಿಗೆ ಹದಿನಾರು ಕಿಲೋಮೀಟರ್ ಓಡುತ್ತಿದ್ದದ್ದು ಹನ್ನೊಂದಕ್ಕೆ ಇಳಿದಿತ್ತು.

ಸ್ಪಾರ್ಕ್ ಪ್ಲಗ್ ಬದಲಾಯಿಸಿದೆ. ಎರಡು ವಾರ ಸುಖವಾಗಿತ್ತು, ಮತ್ತೆ ಅದೇ ರಾಗ. ಬಿಚ್ಚಿಸಿ ನೋಡಿದರೆ ಹೊಸ ಪ್ಲಗ್ಗಿಗೂ ಚಿಮಣಿ ದೀಪದ ಮಸಿ ಮೆತ್ತಿದ ಹಾಗೆ ಕಪ್ಪು. ಬ್ಯಾಟರಿ ಪರೀಕ್ಷೆ ಮಾಡಿಸಿದೆ, ಸರಿ ಇತ್ತು. ಏರ್ ಫಿಲ್ಟರ್ ಹೊಸದೇ ಇತ್ತು. "ಬಂಕ್ ಬದ್ಲಾಯ್ಸೆ" ಎಂದರು ಅಪ್ಪ. ಬದಲಾಯಿಸಿದೆ. ಏನೂ ಆಗಲಿಲ್ಲ.

ಶನಿವಾರ ಐದಕ್ಕೇ ಎದ್ದು ಕೀ ತಿರುಗಿಸತೊಡಗಿದೆ. ಆರನೇ ಸಲಕ್ಕೆ ಹಿಡಿಯಿತು. ದಾರಿಯುದ್ದಕ್ಕೂ ಮಂಜು. ಎದುರಿನ ಗಾಜು ಮಸುಕಾಯಿತೆಂದು ಹೀಟರ್ ಹಾಕಿದೆ. ತೀರ್ಥಹಳ್ಳಿ ಹತ್ತಿರ ಬಂದರೂ ಗಾಜು ಹಾಗೇ ಇತ್ತು. ಗಾಳಿಗೆ ಕೈ ಹಿಡಿದೆ. ಮುಕ್ಕಾಲು ಗಂಟೆ ಓಡಿದ ಎಂಜಿನ್ನಿನಿಂದ ಬರುತ್ತಿದ್ದ ಗಾಳಿ ಉಗುರು ಬೆಚ್ಚಗೂ ಇರಲಿಲ್ಲ!

ಆಗ ಡ್ಯಾಶ್‌ಬೋರ್ಡಿನ ಬಿಸಿ ತೋರಿಸುವ ಮುಳ್ಳನ್ನು ನೋಡಿದೆ. ತಳ ಬಿಟ್ಟು ಒಂದು ಕೂದಲೆಳೆಯಷ್ಟು ಮಾತ್ರ ಎದ್ದಿತ್ತು. ಆ ಮುಳ್ಳನ್ನು ಎಂಟು ತಿಂಗಳಿಂದ ನೋಡುತ್ತಲೇ ಇದ್ದೆ, ನೋಡಿ ಸಂತೋಷಪಡುತ್ತಲೂ ಇದ್ದೆ. ಯಾಕೆಂದರೆ ನಮ್ಮಲ್ಲಿ ತಂಪು ಎಂದರೆ ಒಳ್ಳೆಯದು. ಕಣ್ಣು ಕೆಂಪಾದರೆ ಉಷ್ಣ, ಬಾಯಿ ಹುಣ್ಣಾದರೆ ಉಷ್ಣ, ಮಗು ರಾತ್ರಿ ಅತ್ತರೂ ಉಷ್ಣ. ಎಲ್ಲದಕ್ಕೂ ಒಂದೆಲಗದ ತಂಬುಳಿ, ಎಳನೀರು. ಹಾಗಾಗಿ ಕಾರಿಗೂ ಉಷ್ಣ ಆಗದಿರುವುದೇ ಆರೋಗ್ಯ ಎಂದುಕೊಂಡಿದ್ದೆ. ಉಷ್ಣಶಾಸ್ತ್ರದ ಪಾಠ ಮಾಡುವವಳು!

ರಸ್ತೆ ಪಕ್ಕ ಗಾಡಿ ನಿಲ್ಲಿಸಿ ಒಬ್ಬಳೇ ನಕ್ಕೆ. ಎಲ್ಲವೂ ಒಂದಕ್ಕೊಂದು ಕೂಡಿಕೊಳ್ಳತೊಡಗಿತ್ತು. ಎಂಜಿನ್ ಬಿಸಿಯೇ ಆಗುತ್ತಿಲ್ಲ. ಅದು ಇನ್ನೂ ಚಳಿಯಲ್ಲಿದೆ ಎಂದುಕೊಂಡು ಕಾರಿನ ಕಂಪ್ಯೂಟರ್ ದಾರಿಯುದ್ದಕ್ಕೂ ಹೆಚ್ಚಿಗೆ ಪೆಟ್ರೋಲ್ ಸುರಿಯುತ್ತಿದೆ. ಪೂರ್ತಿ ಉರಿಯದ ಪೆಟ್ರೋಲೇ ಪ್ಲಗ್ಗಿನ ಮಸಿ. ಮಸಿ ಹಿಡಿದ ಪ್ಲಗ್ ಬೆಳಗಿನ ಚಳಿಗೆ ಸರಿಯಾಗಿ ಕಿಡಿ ಹಾರಿಸುವುದಿಲ್ಲ. ಮೈಲೇಜೂ ಕೆಮ್ಮೂ ಒಂದೇ ಕಾಯಿಲೆ! ಅವತ್ತಿನ ಪಾಠವನ್ನು ಹೇಗೆ ಮಾಡಿದೆನೋ ನೆನಪಿಲ್ಲ.

ಭಾನುವಾರ ಅಪ್ಪನನ್ನು ಕೂರಿಸಿಕೊಂಡು ಸಾಗರದ ಒಂದು ಗ್ಯಾರೇಜಿಗೆ ಹೋದೆ. ಅಪ್ಪ ಇಪ್ಪತ್ತೈದು ವರ್ಷ ಊರವರ ಗದ್ದೆಗಳಲ್ಲಿ ಟಿಲ್ಲರ್ ಹೊಡೆದವರು. ಎಂಜಿನ್ ಬಿಚ್ಚುವಲ್ಲಿ ಅವರಿಲ್ಲದೆ ಆಗುವುದಿಲ್ಲ. ನನ್ನ ಫಿಸಿಕ್ಸ್ ಪಾಠ, ಎಂಟು ತಿಂಗಳಿಂದ ಏಳದ ಮುಳ್ಳು, ಎಲ್ಲ ಕಥೆ ಕೇಳಿಸಿಕೊಂಡ ಮೆಕ್ಯಾನಿಕ್ ಸ್ಕ್ಯಾನರ್ ಚುಚ್ಚಿ, "ಹೊಸನಗರದಿಂದ ಓಡ್ಸ್ಕಂಡ್ ಬಂದ್ರಾ? ಐವತ್ತೆಂಟು ಡಿಗ್ರಿ ತೋರಿಸ್ತದಲ್ರೀ" ಎಂದ.

"ಎಂಬತ್ತೈದರ ಮೇಲಿರ್ಬೇಕಲ್ವಾ?" ಎಂದೆ. ಕುಣಿಯುವುದೊಂದು ಬಾಕಿ.

"ಥರ್ಮೋಸ್ಟಾಟ್ ವಾಲ್ವ್ ತೆರ್ಕಂಡೇ ಕೂತಿರ್ಬೇಕು." ಎಂಜಿನ್ ಬಿಸಿಯಾಗುವ ತನಕ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಪುಟ್ಟ ಬಾಗಿಲು ಅದು. ಎಂಜಿನ್ ಆರಿದ ಮೇಲೆ ಅವನು ಬೋಲ್ಟ್ ಬಿಚ್ಚಿ, ಬೆರಳು ಹಾಕಿ ತಡಕಾಡಿದ. "ತೆರ್ಕಳದೆಲ್ಲಿ ಬಂತು ಮೇಡಂ, ಇಲ್ಲಿ ವಾಲ್ವೇ ಇಲ್ಲ! ಯಾವ ಪುಣ್ಯಾತ್ಮ ತೆಗ್ದಿದ್ದು?"

ಅಪ್ಪ ಗ್ಯಾರೇಜಿನ ಕ್ಯಾಲೆಂಡರ್ ನೋಡತೊಡಗಿದರು.

"ಅಪ್ಪಾ?"

"ಅದು... ನಾನೇ ತೆಗ್ಸಿದ್ದು ಮಾರಾಯ್ತಿ. ಬ್ಯಾಸ್ಗೇಲಿ ಹುಲಿಕಲ್ ಘಾಟಿ ಹತ್ತೋವಾಗ ನೀರು ಕುದ್ದು ನಿಂತಿತ್ತಲ, ನೀನೊಬ್ಳೇ ಇದ್ದಿದ್ರೆ ಎಂತ ಗತಿ? ಪೈಪು ರಿಪೇರಿ ಮಾಡ್ದವ್ನು ಹೇಳ್ದ, ಇದನ್ನ ತೆಗ್ದ್ರೆ ಗಾಡಿಗೆ ಯಾವತ್ತೂ ಉಷ್ಣ ಆಗಲ್ಲ ಅಂತ."

"ನಂಗೆ ಹೇಳ್ಲೇ ಇಲ್ವಲ್ಲ!"

"ಹೇಳಿದ್ರೆ ನೀ ಪುಸ್ತಕ ತೆಗೀತಿದ್ದೆ."

ಮೆಕ್ಯಾನಿಕ್ ಸ್ಪ್ಯಾನರ್ ಕೆಳಗಿಟ್ಟು ನಕ್ಕ. "ಅಪ್ಪಯ್ಯ, ಟಿಲ್ಲರ್ ಲೆಕ್ಕ ಬೇರೆ, ಇದ್ರ ಲೆಕ್ಕ ಬೇರೆ. ಇದಕ್ಕೆ ಹದವಾಗಿ ಜ್ವರ ಇರ್ಬೇಕು." ನನ್ನ ಕಡೆ ತಿರುಗಿ, "ಎಂಟು ತಿಂಗ್ಳು ಮುಳ್ಳು ಏಳ್ಲಿಲ್ಲ, ಮೇಡಂ ಕ್ಲಾಸಲ್ಲಿ ಎಂತ ಪಾಠ ಮಾಡ್ತಿದ್ರೋ!" ಎಂದ.

ಎದುರಿನ ಸ್ಪೇರ್ ಪಾರ್ಟ್ಸ್ ಅಂಗಡಿಯಿಂದ ವಾಲ್ವ್ ತರಿಸಿ ಹಾಕಿದ. ಪ್ಲಗ್‌ಗಳನ್ನು ಉಜ್ಜಿ ಕೂರಿಸಿದ. ಘಾಟಿಯಲ್ಲಿ ಕುದಿಯಲು ಕಾರಣ ಹಳೇ ಪೈಪು ಒಡೆದು ನೀರು ಸೋರಿದ್ದೇ ಹೊರತು ವಾಲ್ವ್ ಅಲ್ಲ ಎಂದು ಅಪ್ಪನಿಗೆ ಎರಡು ಸಲ ಬಿಡಿಸಿ ಹೇಳಿದ. ಅಪ್ಪ ತಲೆಯಾಡಿಸಿದರು, ಒಪ್ಪಲಿಲ್ಲ. ವಾಪಸ್ ಬರುವಾಗ ಸಾಗರ ದಾಟುವಷ್ಟರಲ್ಲಿ ಮುಳ್ಳು ಮೇಲೆ ಹತ್ತತೊಡಗಿತು.

"ನಿಲ್ಸೆ, ನಿಲ್ಸೆ! ಏರ್ತಾ ಉಂಟು!"

"ಏರ್ಲಿ ಅಪ್ಪಾ!" ಎಂದು ನಾನು ಕೂಗಿದೆ. ಮುಳ್ಳು ಅರ್ಧಕ್ಕೆ ಬಂದು ನಿಂತಿತು. ಹೀಟರ್ ಹಾಕಿದರೆ ಒಲೆಯ ಮುಂದೆ ಕೂತ ಹಾಗೆ ಬಿಸಿ ಗಾಳಿ. ಅಪ್ಪ ಊರು ಬರುವವರೆಗೂ ಆ ಮುಳ್ಳಿನಿಂದ ಕಣ್ಣು ತೆಗೆಯಲಿಲ್ಲ.

ಆದರೆ ನಿಜವಾದ ಪರೀಕ್ಷೆ ಸೋಮವಾರದ ಬೆಳಗಿನ ಚಳಿಯದು. ಕಾರಿನ ಮೇಲೆ ಇಬ್ಬನಿ ಹನಿಹನಿಯಾಗಿ ಕೂತಿತ್ತು. ಅಪ್ಪ ಕಂಬಳಿ ಹೊದ್ದು ಹೊರಗೆ ಬಂದು ನಿಂತರು. ಕೀ ತಿರುಗಿಸಿದೆ. ಒಂದೇ ಸಲ! ಕೆಮ್ಮಿಲ್ಲ, ನಡುಕವಿಲ್ಲ, ಒಂದೇ ಸಮನೆ ಗುರುಗುಟ್ಟಿತು.

"ಆಫ್ ಮಾಡು. ಮತ್ತೊಂದ್ ಸಲ ನೋಡು" ಎಂದರು ಅಪ್ಪ.

ಈಗ ಹಿಡಿಯದಿದ್ದರೆ? ಆದರೂ ಆಫ್ ಮಾಡಿ ಮತ್ತೆ ತಿರುಗಿಸಿದೆ. ಹಿಡಿಯಿತು. "ಹೂಂ, ಹೋಗು ಹಂಗಾರೆ" ಎಂದು ಅವರು ಒಳಗೆ ಹೋದರು. ಅವರಿಂದ ಅದಕ್ಕಿಂತ ದೊಡ್ಡ ಒಪ್ಪಿಗೆ ನಾನು ಕೇಳಿಲ್ಲ.

ಕಾಲೇಜು ತಲುಪಿದಾಗ ಗೇಟಿಗೆ ಇನ್ನೂ ಬೀಗ. ಕಾರಿನೊಳಗೆ ಕೂತು ಉಪ್ಪಿಟ್ಟಿನ ಡಬ್ಬಿ ಬಿಚ್ಚಿದೆ. ಹೆಲ್ಮೆಟ್ ತೆಗೆಯುತ್ತ ಬಂದ ಪ್ರಿನ್ಸಿಪಾಲರು ಕಾರಿನ ಗಾಜಿನಿಂದ ಒಳಗೆ ಬಗ್ಗಿ ನೋಡಿದರು.

"ಇದೆಂತ ಮೇಡಂ, ರಾತ್ರಿ ಇಲ್ಲೇ ಮಲಗಿದ್ರಾ?"

"ಇಲ್ಲ ಸರ್, ಗಾಡಿ ಸರಿಯಾಯ್ತು. ಇನ್ಮೇಲೆ ಮೊದಲ ಪೀರಿಯಡ್ಡಿಗೆ ಒಂದಿನಾನೂ ತಡ ಮಾಡಲ್ಲ" ಎಂದೆ, ಬಾಯಲ್ಲಿ ಉಪ್ಪಿಟ್ಟು ಇಟ್ಟುಕೊಂಡೇ.

ಅವರು ಗೇಟಿನ ಬೀಗದ ಕೀ ಹುಡುಕುತ್ತ, "ಸರಿ, ಮುಂದಿನ ಸೆಮಿಸ್ಟರಿಗೂ ನಿಮ್ಮ ಹೆಸ್ರೇ ಬರೀತೀನಿ" ಎಂದರು.