ಇನ್ನೊಂದು ಆಟ ಉಳಿದಿತ್ತು

ಮೊನ್ನೆ ಅಡುಗೆಮನೆಯಲ್ಲಿ ಕೊತ್ತಂಬರಿ ಸೊಪ್ಪಿನ ಕಟ್ಟು ಬಿಚ್ಚುತ್ತಿದ್ದೆ. ಅದಕ್ಕೆ ಸುತ್ತಿದ್ದ ದಪ್ಪನೆಯ ನೀಲಿ ರಬ್ಬರ್ ಬ್ಯಾಂಡನ್ನು ಕಸಕ್ಕೆ ಹಾಕಲು ಮನಸ್ಸಾಗದೆ ಕೈಗೆ ಹಾಕಿಕೊಂಡೆ. ಹಾಕಿಕೊಂಡವಳು ಹಾಗೇ ನಿಂತುಬಿಟ್ಟೆ. ಒಲೆಯ ಮೇಲೆ ಒಗ್ಗರಣೆ ಸೀದುಹೋಯಿತು. ಇಂಥವೇ ಎರಡು ಬ್ಯಾಂಡ್ ಹಾಕಿ ಒಬ್ಬರು ತಮ್ಮ ಫೋನನ್ನು ಮೈಕಿನ ಕಂಬಕ್ಕೆ ಬಿಗಿಯುತ್ತಿದ್ದರು. ಪ್ರತಿ ಭಾನುವಾರ, ಮಧ್ಯಾಹ್ನ ಒಂದೂವರೆಗೆ...

ನಾವೆಲ್ಲ ಅವರನ್ನು ಕಾಕಾ ಅನ್ನುತ್ತಿದ್ದೆವು. ಹುಬ್ಬಳ್ಳಿಯವರು. ರೈಲ್ವೆ ಸ್ಟೇಷನ್ನಿನಲ್ಲಿ ಯಾವ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ ಎಂದು ಮೈಕಿನಲ್ಲಿ ಹೇಳುವ ಕೆಲಸ ಮಾಡಿ ರಿಟೈರಾದವರು. ಹೆಂಡತಿ ತೀರಿಕೊಂಡ ಮೇಲೆ ಮೆಲ್ಬರ್ನಿಗೆ, ಪಾಯಿಂಟ್ ಕುಕ್‌ನಲ್ಲಿದ್ದ ಮಗಳ ಮನೆಗೆ ಬಂದಿದ್ದರು. ನಾವು ಆಗ ಅಲ್ಲೇ ಹತ್ತಿರ, ಟ್ರುಗನಿನಾದಲ್ಲಿದ್ದೆವು. ಅಲ್ಲೇ ನೆಲೆಸಲು ಪಿಆರ್ ಸಿಕ್ಕಿ, ಮನೆ ಸಾಲದ ಮಾರ್ಟ್‌ಗೇಜ್ ಕುತ್ತಿಗೆಗೆ ಬಿದ್ದ ಹೊಸತು. ನನ್ನ ಮಗಳು ಡ್ಯಾನ್ಸ್ ಕ್ಲಾಸ್ ಬೇಡವೆಂದು ಹಟ ಹಿಡಿದು ಬೇಸ್‌ಬಾಲ್ ಕ್ಲಬ್ಬಿಗೆ ಸೇರಿದ್ದಳು. ಕಾಕಾನ ಮೊಮ್ಮಗಳೂ ಅದೇ ತಂಡದಲ್ಲಿದ್ದಳು.

ಬೆಳಿಗ್ಗೆ ಮಕ್ಕಳ ಆಟ, ಮಧ್ಯಾಹ್ನ ಕ್ಲಬ್ಬಿನ ದೊಡ್ಡವರ ತಂಡದ ಪಂದ್ಯ. ಆಟಗಾರರ ಹೆಸರು ಕೂಗಲು ಮೈಕ್ ಹಿಡಿಯುತ್ತಿದ್ದ ಮುದುಕ ಊರು ಬಿಟ್ಟು ಹೋದಾಗ ಯಾರೋ ತಮಾಷೆಗೆ ಕಾಕಾನ ಕೈಗೆ ಮೈಕ್ ಕೊಟ್ಟರು. ತಗೋ! ಮೂರು ಸಲ ‘ಅಟೆನ್ಷನ್ ಪ್ಲೀಸ್’ ಎಂದು, ಎರಡನೇ ಪ್ಲಾಟ್‌ಫಾರ್ಮಿಗೆ ಎಕ್ಸ್‌ಪ್ರೆಸ್ ಬರುವ ಗತ್ತಿನಲ್ಲೇ ಬ್ಯಾಟ್ ಹಿಡಿದು ಬರುವವನ ಹೆಸರು ಹೇಳಿದರು. ಗ್ರೌಂಡಿಗೆ ಗ್ರೌಂಡೇ ನಕ್ಕು ಚಪ್ಪಾಳೆ ತಟ್ಟಿತು. ಅವತ್ತಿನಿಂದ ಆ ಕೆಲಸ ಅವರದೇ ಆಯಿತು.

ಆದರೆ ಕಾಕಾ ಮೈಕ್ ಹಿಡಿಯುತ್ತಿದ್ದುದು ಗ್ರೌಂಡಿನವರಿಗಾಗಿ ಅಲ್ಲ, ಸಿಡ್ನಿಯಲ್ಲಿದ್ದ ಅಕ್ಕನಿಗಾಗಿ. ತಾಯಿ ಬೇಗ ಹೋದ ಮನೆ. ಕಾಕಾನನ್ನು ಎತ್ತಿ ಆಡಿಸಿ ಸಾಕಿದ್ದು ಈ ಅಕ್ಕನೇ. ಈಗ ಮಗನ ಮನೆಯಲ್ಲಿದ್ದರು. ಎರಡೂ ಕಣ್ಣು ಹೋಗಿದ್ದವು. ಮಗ ಸೊಸೆ ಶಿಫ್ಟಿನ ಕೆಲಸದವರು, ದಿನವೆಲ್ಲ ಮನೆಯಲ್ಲಿ ಒಬ್ಬರೇ. ಕಾಕಾ ಫೋನನ್ನು ಕಂಬಕ್ಕೆ ಬಿಗಿದು ಅಕ್ಕನಿಗೆ ಹಚ್ಚಿ, ಇಂಗ್ಲಿಷಿನಲ್ಲಿ ಹೆಸರು ಸ್ಕೋರು ಕೂಗಿ ಮೈಕ್ ಆಫ್ ಮಾಡಿ, ಉಳಿದದ್ದನ್ನೆಲ್ಲ ಕನ್ನಡದಲ್ಲಿ ಅಕ್ಕನಿಗೆ ಹೇಳುತ್ತಿದ್ದರು. ‘ಬಂದಾ... ಕಾಲ ಮುಂದಿಟ್ಟಾ... ಹೊಡದಾ ಅಕ್ಕಾ, ಬೇಲಿ ಮಟಾ ಹೋತು!’

ಮೊದಲ ದಿನ ‘ಪಿಚರ್ ಬದಲಿ ಮಾಡಿದ್ರು ಅಕ್ಕಾ’ ಅಂದಿದ್ದಕ್ಕೆ ಅವರು, ‘ಆಟ ನೋಡ್ಲಿಕ್ಕೆ ಹೋಗೀಯೋ, ಟಾಕೀಸಿನ್ಯಾಗ ಕುಂತೀಯೋ?’ ಎಂದು ಕೇಳಿದ್ದರಂತೆ. ಆಮೇಲೆ ಕಾಕಾ ಪಿಚರ್ ಎನ್ನುವ ಮಾತನ್ನೇ ಬಿಟ್ಟರು. ಚೆಂಡು ಎಸೆಯುವವನು ‘ಒಗ್ಯಾಂವ’ ಆದ.

ಎರಡು ತಿಂಗಳಲ್ಲಿ ಅಕ್ಕ ನಮ್ಮೆಲ್ಲರಿಗಿಂತ ಪಕ್ಕಾ ಆಗಿಬಿಟ್ಟರು. ನಮ್ಮ ಕೋಚ್‌ಗೆ ಒಂದು ಚಾಳಿಯಿತ್ತು. ಚೆನ್ನಾಗಿ ಎಸೆಯುತ್ತಿದ್ದವನನ್ನು ಏಳನೇ ಇನ್ನಿಂಗ್ಸಿಗೆ ತೆಗೆದು ಹೊಸಬನನ್ನು ಹಾಕುವುದು, ಗೆಲ್ಲುವ ಆಟ ಕಳೆಯುವುದು. ಬೆಂಚಿನ ಮೇಲೆ ಇದೇ ಜಗಳ. ಕೋಚ್ ಸರಿ ಅನ್ನುವವರು ಅರ್ಧ, ಅವನನ್ನು ಮೊದಲು ಮನೆಗೆ ಕಳಿಸಿ ಅನ್ನುವವರು ಅರ್ಧ. ಕಾಕಾ ಫೋನಿನ ಸ್ಪೀಕರ್ ಹಾಕಿದರೆ ಸಿಡ್ನಿಯಿಂದ ಅಕ್ಕನ ದನಿ ಗುಡುಗುತ್ತಿತ್ತು. ‘ಅವನ ಕೈ ಇನ್ನೂ ಬಿಸಿ ಐತಿ, ಯಾಕ ತಗದಾ ಆ ಮೂಳ? ನನಗ ಕಣ್ಣಿಲ್ಲ, ಅವಗ ತಲೀನ ಇಲ್ಲ!’ ಕನ್ನಡ ಬಾರದ ಆಸ್ಟ್ರೇಲಿಯನ್ ಅಜ್ಜಂದಿರೂ ‘ಸಿಡ್ನಿ ಏನಂತು?’ ಎಂದು ಕೇಳಿ ತಿಳಿದುಕೊಂಡು ತಲೆದೂಗುತ್ತಿದ್ದರು. ನಾನು ಅಕ್ಕನ ಮುಖ ಒಂದು ದಿನವೂ ನೋಡಿದವಳಲ್ಲ. ಆದರೂ ಭಾನುವಾರ ಆ ದನಿ ಕೇಳದಿದ್ದರೆ ಏನೋ ಕಳೆದುಕೊಂಡ ಹಾಗಾಗುತ್ತಿತ್ತು.

ಆ ವರ್ಷ ನನ್ನನ್ನು ಕ್ಲಬ್ಬಿನ ಸೆಕ್ರೆಟರಿ ಮಾಡಿದರು. ಕಮಿಟಿಯಲ್ಲಿ ನಮ್ಮ ಕಡೆಯವಳು ನಾನೊಬ್ಬಳೇ. ಕಾಕಾ ನನ್ನನ್ನು ಅಂದಿನಿಂದ ‘ಸೆಕ್ರೆಟರಿ ಬಾಯಾರ’ ಅಂತಲೇ ಕರೆದರು, ಅರ್ಧ ತಮಾಷೆ, ಅರ್ಧ ಹೆಮ್ಮೆ. ನನಗೂ ಸುಳ್ಳೇಕೆ, ಕೋಡು ಮೂಡಿತ್ತು.

ಆಗಲೇ ಒಂದು ಸಣ್ಣ ಟಿವಿ ಚಾನೆಲ್ ನಮ್ಮ ಲೀಗಿನ ಪಂದ್ಯಗಳನ್ನು ನೇರವಾಗಿ ತೋರಿಸುತ್ತೇವೆಂದು ಬಂತು. ಬೆಂಚಿನಲ್ಲಿ ಕೋಚ್ ಜಗಳ ಬಿಟ್ಟು ಈ ಜಗಳ ಶುರುವಾಯಿತು. ಟಿವಿಯಲ್ಲಿ ಬಂದರೆ ಸ್ಪಾನ್ಸರ್ ಸಿಗುತ್ತಾರೆ ಅಂತ ಕೆಲವರು, ಮನೆಯಲ್ಲೇ ಕಂಡರೆ ಗ್ರೌಂಡಿಗೆ ಯಾವ ನಾಯಿ ಬರುತ್ತೆ ಅಂತ ಕೆಲವರು. ಕಾಕಾ ಕೇಳಿದ್ದು ಒಂದೇ ಪ್ರಶ್ನೆ. ‘ಸಿಡ್ನಿಯೊಳಗ ಬರ್ತೈತೇನ್ರಿ?’ ಬರುವುದಿಲ್ಲ. ಚಾನೆಲ್ ಕೊಂಡದ್ದು ವಿಕ್ಟೋರಿಯಾ ರಾಜ್ಯದ ಹಕ್ಕು ಮಾತ್ರ. ಸಿಡ್ನಿ ಕಡೆಯ ಹಕ್ಕು ಯಾರಿಗೂ ಬೇಡವಾಗಿತ್ತು.

‘ಹೋಗ್ಲಿ ಬಿಡ್ರಿ, ನಂದು ಫೋನೈತಲ್ಲ’ ಎಂದು ಕಾಕಾ ನಕ್ಕರು.

ಕಾಂಟ್ರಾಕ್ಟ್ ಓದುವ ಕೆಲಸ ನನಗೆ ಬಂತು. ಆಫೀಸಿನಲ್ಲೂ ನನ್ನದು ಅದೇ ಕೆಲಸ. ಕೂತು ಸಾಲು ಸಾಲು ಓದಿದೆ. ಒಂದು ಕಡೆ ಹೀಗಿತ್ತು: ಕ್ಲಬ್ಬಿಗೆ ಸೇರಿದ ಯಾರೂ ಆಟದ ನೇರ ವಿವರವನ್ನು ಚಿತ್ರದಲ್ಲಾಗಲಿ, ದನಿಯಲ್ಲಾಗಲಿ ಗ್ರೌಂಡಿನಿಂದ ಹೊರಗೆ ಕಳಿಸಕೂಡದು. ಕಮಿಟಿಯಲ್ಲಿ ಯಾರ ಕಣ್ಣಿಗೂ ಬೀಳದ್ದು ನನಗೆ ಸಿಕ್ಕಿತೆಂದು ಖುಷಿಯಾಯಿತು ನೋಡಿ, ಅದನ್ನು ನೆನೆದರೆ ಈಗ ನನಗೇ ನಾಚಿಕೆಯಾಗುತ್ತದೆ. ಒಪ್ಪಂದಕ್ಕೆ ಕೈಯೆತ್ತಿದವರಲ್ಲಿ ನಾನೂ ಇದ್ದೆ.

ಇನ್ನು ಕಾಕಾ ಅಕ್ಕನಿಗೆ ಫೋನ್ ಹಚ್ಚುವಂತಿಲ್ಲ ಎಂದು ಮನೆಯಲ್ಲಿ ಹೇಳಿದಾಗ ಮಗಳು, ‘ಅಮ್ಮಾ, ಇಟ್ಸ್ ಜಸ್ಟ್ ಅ ಫೋನ್ ಕಾಲ್!’ ಎಂದು ಕಣ್ಣರಳಿಸಿದಳು. ‘ಕೇಳಿ ನೋಡು ಚಾನೆಲ್‌ನವರನ್ನ’ ಎಂದರು ಯಜಮಾನರು. ಕೇಳಲಿಲ್ಲ. ಕೇಳಿದರೆ ‘ಈ ಇಂಡಿಯನ್ಸ್ ಎಲ್ಲದಕ್ಕೂ ವಿನಾಯಿತಿ ಕೇಳ್ತಾರೆ’ ಅಂದುಕೊಂಡಾರು ಎಂಬ ಅಳುಕು. ಹೊರಗಿನಿಂದ ಬಂದ ನಮಗೆ ಈ ದೇಶದ ನಿಯಮದ ಭಯ ಇಲ್ಲಿ ಹುಟ್ಟಿದವರಿಗಿಂತ ಹತ್ತು ಪಟ್ಟು ಜಾಸ್ತಿ. ಅವರು ಬರೆದದ್ದಕ್ಕಿಂತ ಬಿಗಿಯಾಗಿ ನಾವು ಓದುತ್ತೇವೆ.

ಮುಂದಿನ ಭಾನುವಾರ ಎಲ್ಲರೆದುರಿಗೆ ಹೇಳಿದೆ: ‘ಕಾಕಾ, ಇನ್ಮೇಲೆ ಫೋನ್ ಮಾಡೋ ಹಾಗಿಲ್ಲ. ಕಾಂಟ್ರಾಕ್ಟ್‌ನಲ್ಲಿದೆ.’ ಕಾಕಾ ಆಗಲೇ ಅಕ್ಕನಿಗೆ ಹಚ್ಚಿಬಿಟ್ಟಿದ್ದರು. ‘ಅಕ್ಕಾ, ಆಮ್ಯಾಲೆ ಮಾಡ್ತೀನಿ’ ಎಂದು ಕಟ್ ಮಾಡಿ, ಕಂಬದ ರಬ್ಬರ್ ಬ್ಯಾಂಡ್ ಬಿಚ್ಚಿ ಜೇಬಿಗೆ ಹಾಕಿಕೊಂಡರು. ‘ರೂಲ್ ಅಂದ್ರ ರೂಲ್ ಅಲ್ರೀ ಬಾಯಾರ. ನಾನೂ ಸರ್ಕಾರಿ ನೌಕರಿ ಮಾಡಿದಾಂವ.’ ಒಂದು ಬಿರುಸು ಮಾತಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು...

ಆಟ ಮುಗಿದ ಮೇಲೆ ಕಾರ್ ಪಾರ್ಕಿನಲ್ಲಿ ನಿಂತು ಅಕ್ಕನಿಗೆ ಫೋನ್ ಮಾಡುತ್ತಿದ್ದರು. ಆದರೆ ಅಕ್ಕನಿಗೆ ಅದು ಬೇಡ. ‘ಮುಗದ ಆಟದ ಸುದ್ದಿ ನನಗ್ಯಾಕೋ ತಮ್ಮಾ? ಮುಂದ ಏನಾಗ್ತೈತಿ ಅಂತ ನಿನಗೂ ಗೊತ್ತಿರಬಾರದು, ನನಗೂ ಗೊತ್ತಿರಬಾರದು. ಅದು ಬೇಕು ನನಗ.’ ಒಂದೊಂದು ಭಾನುವಾರ ಆಟದ ಮಧ್ಯೆ ಅವರೇ ಫೋನ್ ಮಾಡಿ ಕಾಡುತ್ತಿದ್ದರು. ಕಾಕಾ ನಕ್ಕು ಕಟ್ ಮಾಡುತ್ತಿದ್ದರು. ಬರಬರುತ್ತಾ ನಗುವುದು ನಿಂತಿತು. ಮೈಕಿನಲ್ಲಿ ಹೆಸರು ಕೂಗುವ ದನಿಯಲ್ಲಿದ್ದ ಎಕ್ಸ್‌ಪ್ರೆಸ್ ಗತ್ತೂ ಹೋಯಿತು.

ಸೀಸನ್ನಿನ ಕೊನೆಯ ಆಟ. ನಾನು ಕ್ಯಾಮೆರಾ ಪಕ್ಕ ಚಾನೆಲ್ಲಿನವನ ಜೊತೆ ನಿಂತಿದ್ದೆ. ನಾಲ್ಕನೇ ಇನ್ನಿಂಗ್ಸಿನಲ್ಲಿ ಮೇಜಿನ ಮೇಲಿದ್ದ ಕಾಕಾನ ಫೋನ್ ಗುರ್ ಗುರ್ ಎಂದು ನಡುಗಿತು. ಕಾಕಾ ನೋಡಿಯೂ ಎತ್ತಲಿಲ್ಲ. ಮತ್ತೆ ಬಂತು. ಮೂರನೇ ಸಲ ಬಂದಾಗ ಫೋನ್ ಕೈಗೆತ್ತಿಕೊಂಡು, ತಲೆಯೆತ್ತಿ ನನ್ನನ್ನು ನೋಡಿದರು. ನಾನು ಅಂಗೈ ಎತ್ತಿ ‘ಆಮೇಲೆ’ ಎಂದು ಸನ್ನೆ ಮಾಡಿದೆ. ಅವರು ಫೋನನ್ನು ಕೆಳಗಿಟ್ಟರು.

ಆಟ ಮುಗಿದಾಗ ನನ್ನ ಹತ್ತಿರ ಬಂದರು. ‘ಬಾಯಾರ, ಇದೇನೋ ಮೆಸೇಜ್ ಅಂತ ತೋರಸ್ತೈತಿ. ಹೆಂಗ ಕೇಳೋದು?’ ವಾಯ್ಸ್ ಮೆಸೇಜ್. ಸ್ಪೀಕರ್ ಹಾಕಿದೆ. ಬೆಂಚನ್ನೆಲ್ಲ ನಡುಗಿಸುತ್ತಿದ್ದ ದನಿ ಅಲ್ಲಿರಲಿಲ್ಲ. ನಿಧಾನಕ್ಕೆ, ಉಸಿರು ಸಾಲದೆ, ಅಕ್ಕ ಹೇಳುತ್ತಿದ್ದರು: ‘ತಮ್ಮಾ... ಎತ್ತವಲ್ಲಿ ನೀ. ಪೂರ್ತಿ ಬ್ಯಾಡೋ... ಒಂದ ಇನ್ನಿಂಗ್ಸ್ ಹೇಳು. ಇಲ್ಲಿ ಬರೇ ಮಷೀನ್ ಸಪ್ಪಳ...’

‘ಮಷೀನ್? ಎಲ್ಲಿದ್ದಾಳ ಅಕ್ಕ?’ ಕಾಕಾನ ಮುಖ ಬಿಳಿಚಿತು. ಸಿಡ್ನಿಗೆ ಫೋನ್ ಮಾಡಿದರೆ ಅಕ್ಕನ ಮಗ ಎತ್ತಿದ. ಶುಕ್ರವಾರದಿಂದ ಆಸ್ಪತ್ರೆಯಲ್ಲಿದ್ದಾರಂತೆ. ಮಾಮಾಗೆ ಗಾಬರಿ ಬೇಡವೆಂದು ಹೇಳಿರಲಿಲ್ಲವಂತೆ. ಮಧ್ಯಾಹ್ನ ‘ಇವತ್ತು ಕೊನೀ ಆಟ, ಹಚ್ಚಿಕೊಡು’ ಎಂದು ಹಟ ಮಾಡಿ ಮೂರು ಸಲ ಹಚ್ಚಿಸಿದ್ದರಂತೆ.

ಗ್ರೌಂಡಿನಿಂದ ನೇರ ಏರ್‌ಪೋರ್ಟಿಗೆ ನಾನೇ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಕಾಕಾ ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತಿದ್ದರು. ದೇವರ ಹೆಸರೆಂದುಕೊಂಡೆ. ಕಿವಿಗೊಟ್ಟರೆ ಅದು ಆಟ. ಮೊದಲನೇ ಇನ್ನಿಂಗ್ಸಿನಿಂದ, ಒಂದೊಂದು ಚೆಂಡೂ. ನಾನು ನೋಡಿದ್ದು ಕಂಡು, ‘ಮುಗದ ಆಟ ಬ್ಯಾಡ ಅಂತಾಳಲ್ರೀ... ಗೆದ್ದದ್ದು ಹೇಳೂದಿಲ್ಲ. ಈಗ ನಡದಂಗ ಹೇಳ್ತೀನಿ’ ಎಂದರು. ನನಗೆ ರಸ್ತೆ ಕಾಣದಾಯಿತು.

ವಿಮಾನ ಇಳಿಯುವಷ್ಟರಲ್ಲಿ ಅಕ್ಕ ಹೋಗಿಬಿಟ್ಟಿದ್ದರು.

ಕಾಕಾ ತಿರುಗಿ ಬಂದ ಮೇಲೆ ಮೈಕ್ ಮುಟ್ಟಲಿಲ್ಲ. ಮೊಮ್ಮಗಳನ್ನು ಬಿಡಲು ಬಂದರೆ ಕಾರಿನಲ್ಲೇ ಕೂತಿರುತ್ತಿದ್ದರು. ಒಂದು ದಿನ, ಎಲ್ಲ ಆದ ಮೇಲೆ, ಚಾನೆಲ್ಲಿನವನನ್ನು ಕೇಳಿದೆ. ಗ್ರೌಂಡಿನಿಂದ ಮನೆಯವರಿಗೆ ಫೋನ್ ಮಾಡಿ ಆಟದ ಬಗ್ಗೆ ಹೇಳಿದರೆ ತಪ್ಪಾಗುತ್ತಿತ್ತೇ ಎಂದು. ಅವನು ನಕ್ಕುಬಿಟ್ಟ. ಕಾಂಟ್ರಾಕ್ಟಿನ ಆ ಸಾಲು ಬೇರೆ ಚಾನೆಲ್, ರೇಡಿಯೋದವರಿಗಾಗಿ ಬರೆದದ್ದು. ಮನೆಗೆ ಫೋನ್ ಮಾಡುವುದನ್ನು ಯಾರು ಕೇಳುತ್ತಾರೆ ಎಂದ. ಅರ್ಧ ನಿಮಿಷವೂ ಆಗಲಿಲ್ಲ ಆ ಮಾತಿಗೆ.

ಇದನ್ನು ಕಾಕಾಗೆ ಹೇಳುವ ಧೈರ್ಯವಾಗಲಿಲ್ಲ. ಯಜಮಾನರ ಕೆಲಸ ಸಿಡ್ನಿಗೆ ಬದಲಾಯಿತು. ಬಚಾವಾದೆ ಎಂದುಕೊಂಡೆ, ಹಾಗೇ ಅಂದುಕೊಂಡೆ, ಬೇರೆ ಪದವಿಲ್ಲ. ಎರಡು ವರ್ಷ ಹಾಗೇ ಕಳೆದೆ. ಕೊನೆಗೆ ಒಂದು ಮದುವೆಗೆಂದು ಮೆಲ್ಬರ್ನಿಗೆ ಹೋದವಳು ಪಾಯಿಂಟ್ ಕುಕ್‌ಗೆ ಹೋಗಿ ಅವರೆದುರು ಕೂತೆ. ಕಾಕಾ ತಾವೇ ಚಹಾ ಮಾಡಿಕೊಟ್ಟರು.  ನಾನು ಅಳುತ್ತ ಎಲ್ಲ ಹೇಳಿದೆ. ಆ ನಿಯಮ ಮನೆಗೆ ಮಾಡುವ ಫೋನಿಗೆ ಇರಲೇ ಇಲ್ಲ ಕಾಕಾ, ನಾನು ಕೇಳಲೇ ಇಲ್ಲ, ಎಂದೆ.

ಅವರು ಬಸಿಗೆ ಚೆಲ್ಲಿದ್ದ ಚಹಾ ಒರೆಸಿದರು. ಆಮೇಲೆ ಮೆಲ್ಲಗೆ, ‘ನನಗ ಗೊತ್ತಿತ್ತವಾ’ ಅಂದರು.

ಕೊನೆಯ ಆಟಕ್ಕೆ ಒಂದು ವಾರ ಮೊದಲು ಅವರೇ ಚಾನೆಲ್ಲಿನವನನ್ನು ಕೇಳಿದ್ದರಂತೆ. ಅವನು ಧಾರಾಳವಾಗಿ ಮಾಡಿ ಎಂದಿದ್ದನಂತೆ.

‘ಮತ್ತೆ ಯಾಕೆ ಕಾಕಾ...?’

‘ನೀವು ಎಲ್ಲಾರ ಮುಂದ ಹೇಳಿದ್ರಿ. ಕಮಿಟಿಯೊಳಗ ನಮ್ಮಾಕಿ ಅಂತ ನೀವೊಬ್ಬರ. ನಿಮ್ಮ ಮಾತು ತಪ್ಪು ಅಂತ ನಾನ ತೋರಿಸಿದ್ರ ಹೆಂಗ? ಇನ್ನೊಂದು ಆಟ ಉಳದಿತ್ತು, ಅಷ್ಟ. ಮುಗೀಲಿ, ಆಮ್ಯಾಲೆ ನಿಮಗೊಬ್ಬರಿಗೇ ಹೇಳಿದ್ರಾತು, ಮುಂದಿನ ವರ್ಷದಿಂದ ಅಕ್ಕಗ ಹೇಳಿದ್ರಾತು ಅಂದ್ಕೊಂಡೆ...’

ಆವತ್ತು ಫೋನ್ ಕೈಯಲ್ಲಿ ಹಿಡಿದು ನನ್ನತ್ತ ನೋಡಿದ್ದು ನೆನಪಾಯಿತು. ಎಲ್ಲ ತಿಳಿದೂ, ನಾನು ಒಂದು ಸಲ ‘ಹೂಂ’ ಅನ್ನಲಿ ಎಂದು ಕಾದಿದ್ದರು. ನಾನು ಅಂಗೈ ಎತ್ತಿದ್ದೆ.

ಈ ಚಳಿಗಾಲದಲ್ಲಿ ಕಾಕಾ ತೀರಿಕೊಂಡರು. ಮೊಮ್ಮಗಳು ಇಂಗ್ಲಿಷಿನಲ್ಲಿ ಎರಡು ಸಾಲು ಮೆಸೇಜ್ ಕಳಿಸಿದಳು. ನಾನು ಹೋಗಲಿಲ್ಲ, ಯಾವ ಮುಖ ಹೊತ್ತು ಹೋಗಲಿ? ಯಜಮಾನರು ಈಗಲೂ ಸಮಾಧಾನ ಹೇಳುತ್ತಾರೆ, ನೀನು ನಿಯಮ ಪಾಲಿಸಿದೆ, ನಿನ್ನ ತಪ್ಪೇನಿದೆ ಎಂದು. ಯಾವ ನಿಯಮ? ಮನೆಗೆ ಫೋನ್ ಮಾಡಕೂಡದೆಂದು ಯಾರೂ ಬರೆದಿರಲಿಲ್ಲ. ಆ ನಿಯಮ ಮಾಡಿದವಳು ನಾನು, ಪಾಲಿಸಿದವರು ಕಾಕಾ. ಚಾನೆಲ್ಲಿನವನು ಭಾನುವಾರ ಭಾನುವಾರ ನನ್ನ ಪಕ್ಕದಲ್ಲೇ ನಿಂತಿರುತ್ತಿದ್ದ. ಹವೆ, ಟ್ರಾಫಿಕ್ಕು, ಮನೆ ರೇಟು, ಎಲ್ಲ ಮಾತಾಡುತ್ತಿದ್ದೆವು. ಅದೊಂದನ್ನು ನಾನು ಕೇಳಲಿಲ್ಲ.