ಗವಿಯ ಬಾಯಿಗೆ ಒದ್ದೆ ಸೀರೆ

ಚಿಕ್ಕನಾಯಕನಹಳ್ಳಿ ಕಡೆಯ ಒಣಗುಡ್ಡಗಳ ಬುಡದಲ್ಲಿ ಕೆಂಪಕ್ಕನ ಊರು. ಮದುವೆಯಾಗಿ ಬಂದು ನಾಲ್ಕು ವರ್ಷ. ನಾಲ್ಕೂ ವರ್ಷ ಹದಿನಾರು ಮನೆಯ ಬಟ್ಟೆ ಒಗೆದಿದ್ದಳು. ಗಂಡ ಲಕ್ಕಯ್ಯ ತಿಪಟೂರಿನಲ್ಲಿ ಕೊಬ್ಬರಿ ಮೂಟೆ ಹೊರುವ ಕೆಲಸ ಹಿಡಿದು ವಾರಕ್ಕೊಮ್ಮೆ ಬರುತ್ತಿದ್ದ. ಅತ್ತೆ ಮರಿಯಮ್ಮನಿಗೆ ಮೊಣಕಾಲು ಮಡಚಲಾಗದೆ ಎರಡು ವರ್ಷವಾಗಿತ್ತು. ಹಾಗಾಗಿ ಹಳ್ಳಕ್ಕೆ ಗಂಟು ಹೊತ್ತು ಹೋಗುವವಳೂ ಕೆಂಪಕ್ಕನೇ, ಹೊತ್ತು ತರುವವಳೂ ಅವಳೇ. ಬೆನ್ನಿಗೆ ಏಳು ತಿಂಗಳ ಹೆಣ್ಣು ಕೂಸು ಬೇರೆ.

ಹಳ್ಳದ ಮೇಲೆ ಒಂದು ಗವಿ. ಬೇಸಿಗೆಯಲ್ಲಿ ಅದರ ಗೋಡೆಯ ತುಂಬ ಚೌಳು ಬೆಳೆಯುತ್ತಿತ್ತು. ಬೆಳ್ಳಗೆ, ಕೂದಲಿನಷ್ಟು ಸಣ್ಣಗೆ, ಮುಟ್ಟಿದರೆ ಮುರಿಯುವಂಥ ಉಪ್ಪು. ಅದನ್ನು ನೀರಿಗೆ ಕಲಸಿ, ಬಟ್ಟೆ ನೆನೆಸಿ, ಹಂಡೆಯ ಮೇಲೆ ಒಟ್ಟಿ ಹಬೆಯಲ್ಲಿ ಬೇಯಿಸಿದರೆ ಎಂಥ ಕೊಳೆಯೂ ಬಿಡುತ್ತಿತ್ತು. ಕೆರೆಯುವುದಕ್ಕೆ ಮರಿಯಮ್ಮ ಹೇಳಿಕೊಟ್ಟ ಕ್ರಮ ಒಂದಿತ್ತು: ತೆಂಗಿನ ಕರಟದಿಂದಲೇ ಕೆರೆಯಬೇಕು, ಉಗುರಿನಷ್ಟು ದಪ್ಪ ಗೋಡೆಯಲ್ಲೇ ಉಳಿಸಬೇಕು.

ಸೋಪು ಊರಿಗೆ ಬಂದು ಎಷ್ಟೋ ಕಾಲವಾಗಿತ್ತು. ಆದರೆ ತೋಟದ ನಂಜುಂಡಪ್ಪನವರ ಮನೆಯಲ್ಲಿ ಮಾತ್ರ ಚೌಳೇ ಆಗಬೇಕು. ಆ ಮನೆಯಿಂದ ಸುಗ್ಗಿಯಲ್ಲಿ ಬರುವ ಎರಡು ಮೂಟೆ ರಾಗಿಯೇ ಕೆಂಪಕ್ಕನ ಅರ್ಧ ವರ್ಷದ ಮುದ್ದೆ. ಎಪ್ಪತ್ತೊಂಬತ್ತರ ಶಿವರಾತ್ರಿ ಕಳೆದ ವಾರದಲ್ಲಿ ಅವರ ಮಗಳ ಮದುವೆ ಗೊತ್ತಾಯಿತು. ನಂಜುಂಡಪ್ಪನವರ ಹೆಂಡತಿ ಹೊಂಬಾಳಮ್ಮ ಐವತ್ತು ಪಂಚೆ ಎಣಿಸಿ ಮುಂದಿಟ್ಟರು. ಗಂಡು ಹೆಣ್ಣು ಮೆಟ್ಟಿ ನಡೆಯಲು ಹಾದಿಗೆ ಹಾಸುವ ಬಟ್ಟೆ ಅವು.

“ಬೀಗರು ಅರಳಗುಪ್ಪೆಯವ್ರು ಕಣೇ ಕೆಂಪಿ. ಕಣ್ಣಲ್ಲೇ ಅಳೆಯೋ ಜನ. ಒಂದು ಕಲೆ ಕಂಡ್ರೂ ಸಾಯೋವರ್ಗೂ ಆಡ್ಕೋತಾರೆ. ನಿನ್ ಕೈಲಾಗಕಿಲ್ಲ ಅಂದ್ರೆ ಈಗ್ಲೇ ಹೇಳ್ಬುಡು, ತಿಪಟೂರಿನ ಲಾಂಡ್ರಿಗೆ ಕೊಡ್ತೀನಿ. ಇದೊಂದೇ ಸಲಕ್ಕಲ್ಲ ಮತ್ತೆ, ಮುಂದಕ್ಕೂ ಅಲ್ಲಿಗೇ.”

“ಆಯ್ತದೆ ಕಣ್ರವ್ವ, ಹತ್ತು ದಿನ ಐತಲ್ಲ,” ಎಂದಿದ್ದಳು ಕೆಂಪಕ್ಕ.

ಬಿಸಿಲು ಆ ವರ್ಷ ಬೇಗ ಏರಿತ್ತು. ಕೂಸಿನ ಕುತ್ತಿಗೆ, ಬೆನ್ನು, ಕಂಕುಳಲ್ಲೆಲ್ಲ ಬೆವರುಸಾಲೆ. ಮನೆಯಲ್ಲಿ ಬಿಟ್ಟು ಬರೋಣವೆಂದರೆ ಎದೆಹಾಲು ಬೇಕು. ಹಳ್ಳದ ಬಂಡೆಯ ಮೇಲೆ ಮಲಗಿಸೋಣವೆಂದರೆ ಬಂಡೆ ಕಾದ ಹೆಂಚು. ಅವಳು ಗವಿಯೊಳಗೆ ಜೋಲಿ ಕಟ್ಟಿದಳು. ಒಳಕ್ಕೆ ನುಗ್ಗುವ ಝಳ ತಡೆಯಲು ಒಂದು ಸೀರೆಯನ್ನು ಹಳ್ಳದಲ್ಲಿ ಅದ್ದಿ ಬಾಯಿಗೆ ಅಡ್ಡಕಟ್ಟಿದಳು, ಒಣಗಿದಾಗ ಮತ್ತೆ ಅದ್ದಿದಳು. ಕೂಸು ಮಧ್ಯಾಹ್ನವಿಡೀ ನಿದ್ದೆ ಮಾಡಿತು. ಬೇರೆ ಮನೆಗಳ ಬಟ್ಟೆ ಮುಗಿಸುತ್ತ ಐದು ದಿನ ಹೀಗೇ ನಡೆಯಿತು. ಅಷ್ಟು ದಿನದಲ್ಲಿ ಅವಳಿಗೆ ಸಮಾಧಾನ ಅಂತ ಇದ್ದದ್ದು ಅದೊಂದೇ.

ಆರನೆಯ ದಿನ ಪಂಚೆಗಳಿಗೆಂದು ಕರಟ ಹಿಡಿದು ಗೋಡೆಗೆ ಕೈಹಚ್ಚಿದರೆ ಉದುರಬೇಕಾದ ಚೌಳು ಉದುರಲಿಲ್ಲ. ನೆಂದ ಹಿಟ್ಟಿನಂತೆ ಬೆರಳಿಗೆ ಮೆತ್ತಿಕೊಂಡಿತು. ಕೂದಲಿನಂತೆ ನಿಂತಿದ್ದದ್ದೆಲ್ಲ ಕರಗಿ ಗೋಡೆಗೆ ಅಂಟಿತ್ತು. ಅಲ್ಲಲ್ಲಿ ನೀರ ಹನಿ.

ಸಂಜೆ ಮನೆಯಲ್ಲಿ ಹೇಳಿದಾಗ ಮರಿಯಮ್ಮ ಹಣೆ ಚಚ್ಚಿಕೊಂಡಳು.

“ಒದ್ದೆ ಸೀರೆ ಕಟ್ಟಿದ್ದೇನೇ! ಬೆಟ್ಟ ಕುಡಿದ ಮಳೆನೀರು ವರ್ಷವೆಲ್ಲ ಆ ಗೋಡೆಯಾಗೆ ಜಿನುಗ್ತದೆ. ನೀರ್ನ ಒಣಗಾಳಿ ಕುಡ್ಕೋತದೆ, ಉಪ್ಪು ಉಳ್ಕೋತದೆ. ಹಿಂದಿಂದ ಹೊಸ ಉಪ್ಪು ನೂಕ್ತಾ ನೂಕ್ತಾ, ಶಾವಿಗೆ ಒರಳಿಂದ ಎಳೆ ಇಳಿದಂಗೆ, ಹಳೇದು ಮುಂದಕ್ಕೆ ಬತ್ತದೆ. ನೀನು ಗಾಳಿನೇ ಕಟ್ಟಾಕ್ಬುಟ್ಟಲ್ಲ.”

“ಮತ್ತೆ ಬೆಳೆಯಾಕೆ ಎಷ್ಟು ದಿನ ಬೇಕತ್ತೆ?”

“ಒಳ್ಳೆ ಗಾಳಿ ಬೀಸಿದ್ರೆ ಗೋಡೆ ತುಂಬಾಕೆ ಹನ್ನೆರಡು ದಿನ. ಕೆರೆದುಕೊಳ್ಳೋ ಅಷ್ಟು ಸಾಕು ಅಂದ್ರೆ ಮೂರ್ನಾಕು. ನಿನ್ ಗಂಡ ಕೂಸಾಗಿದ್ದಾಗ ನಾನು ಬಿಸಿಲಲ್ಲೇ ಮಲಗಿಸ್ತಿದ್ದೆ.”

“ಅದ್ಕೇ ನೋಡಿ, ಆ ಬಣ್ಣ.”

ಮರಿಯಮ್ಮನಿಗೆ ನಗು ಬಂತು. ಕೆಂಪಕ್ಕನಿಗೆ ಬರಲಿಲ್ಲ.

ಮರುದಿನ ಅವಳು ಸೀರೆ ಬಿಚ್ಚಿದಳು. ಮದುವೆಗೆ ನಾಲ್ಕೇ ದಿನ. ಗಾಳಿ ಒಲೆಯ ಉಸಿರಿನಂತೆ ಒಳಗೆ ನುಗ್ಗಿತು. ಗೋಡೆಗೆ ಬೇಕಾದದ್ದು ಅದೇ ಗಾಳಿ. ಗಳಿಗೆಯೊಳಗೆ ಕೂಸು ಕಿರುಚಿಕೊಂಡಿತು. ಎತ್ತಿ ನೋಡಿದರೆ ಬೆನ್ನು ಕೆಂಡ, ಬೆವರುಸಾಲೆಯ ಗುಳ್ಳೆ ಒಡೆದು ಜೋಲಿಯ ಬಟ್ಟೆಗೆ ಅಂಟಿದೆ. ಮೊಲೆ ಕೊಟ್ಟರೂ ಹಿಡಿಯಲಿಲ್ಲ. ಕೆಂಪಕ್ಕ ಗೋಡೆ ನೋಡಿದಳು, ಕೂಸನ್ನು ನೋಡಿದಳು. ಎರಡು ಮೂಟೆ ರಾಗಿ ಕಣ್ಣ ಮುಂದೆ ಬಂತು. ಆಮೇಲೆ ಹಳ್ಳಕ್ಕಿಳಿದು ಸೀರೆ ಅದ್ದಿಕೊಂಡು ಬಂದು ಮತ್ತೆ ಕಟ್ಟಿದಳು. ಕೂಸು ನಿದ್ದೆಹೋಗುವವರೆಗೆ ತೂಗಿ, ಎದ್ದ ಮೇಲೆ ಸೊಂಟಕ್ಕಿಟ್ಟುಕೊಂಡು ನೇರ ನಂಜುಂಡಪ್ಪನವರ ಮನೆಗೆ ನಡೆದಳು.

“ಚೌಳಿಲ್ಲ ಕಣ್ರವ್ವ. ಕೂಸಿಗೆ ತಂಪಾಗ್ಲಿ ಅಂತ ಗವಿಗೆ ಒದ್ದೆ ಸೀರೆ ಕಟ್ಟಿ ನಾನೇ ಕೆಡಿಸ್ದೆ. ಲಾಂಡ್ರಿಗೆ ಕೊಡೋದಿದ್ರೆ ಕೊಡಿ.”

“ಈಗ ಹೇಳ್ತೀಯಲ್ಲೇ ಮಾರಾಯ್ತಿ! ನಾಕ್ ದಿನ ಇರುವಾಗ? ಅವ್ನು ಲಾಂಡ್ರಿಯವ್ನು ನನ್ ಮಾವನ ಮಗನೇನೆ, ರಾತ್ರೋರಾತ್ರಿ ಒಗ್ದುಕೊಡಾಕೆ?” ಹೊಂಬಾಳಮ್ಮ ಇಡೀ ಪಡಸಾಲೆಗೆ ಕೇಳುವಂತೆ ಕೂಗಾಡಿದರು. ಕೆಂಪಕ್ಕ ಕಂಬಕ್ಕೊರಗಿ ನಿಂತೇ ಇದ್ದಳು. ಕೂಗುತ್ತಲೇ ಹೊಂಬಾಳಮ್ಮನ ಕಣ್ಣು ಕೂಸಿನ ಬೆನ್ನಿಗೆ ಬಿತ್ತು. ಒಳಗೆ ಹೋಗಿ, ನೆಂಟರಿಗೆಂದು ತರಿಸಿದ್ದ ಬಟ್ಟೆಸೋಪಿನಲ್ಲಿ ಹತ್ತು ಬಿಲ್ಲೆ ತಂದು ಮುಂದೆ ಹಾಕಿದರು.

“ಇದ್ರಲ್ಲೇ ಒಗಿ. ನೀಲಿ ಜಾಸ್ತಿ ಹಾಕ್ಬ್ಯಾಡ. ಬೀಗರು ಏನಾದ್ರೂ ಅಂದ್ರೆ ಆಗ ನೋಡ್ಕೋತೀನಿ ನಿನ್ನ.”

ಮದುವೆಯ ದಿನ ಕೆಂಪಕ್ಕ ಪಂಚೆ ಹಾಸಿದಳು. ಗಂಡು ಹೆಣ್ಣು ನಡೆದರು, ಬೀಗರು ನಡೆದರು. ಅವರ ಮಾತೆಲ್ಲ ಹಿಂದಿನ ರಾತ್ರಿ ಒಬ್ಬಟ್ಟಿಗೆ ತುಪ್ಪ ಬಡಿಸಲಿಲ್ಲ ಎಂಬುದರ ಮೇಲಿತ್ತು. ಒಬ್ಬರೂ ತಲೆ ತಗ್ಗಿಸಿ ಕೆಳಗೆ ನೋಡಲಿಲ್ಲ.

“ಇನ್ಮೇಲೆ ಸೋಪಲ್ಲೇ ಒಗಿ ಕಣೇ, ಸೋಪು ನಾನೇ ಕೊಡ್ತೀನಿ. ರಾಗಿ ಹಳೇ ಲೆಕ್ಕಾನೇ,” ಎಂದರು ಹೊಂಬಾಳಮ್ಮ, ಎಲೆ ಎತ್ತುವ ಗಡಿಬಿಡಿಯಲ್ಲಿ.

ಮನೆಗೆ ಬಂದಾಗ ಮರಿಯಮ್ಮ ಬಾಗಿಲಲ್ಲೇ ಕಾದಿದ್ದಳು. “ಏನಂದ್ರೇ ಬೀಗರು?”

“ಏನೂ ಅನ್ನಲಿಲ್ಲ ಅತ್ತೆ. ನೋಡಲೂ ಇಲ್ಲ. ಅವ್ರ ಮನೆ ಬಟ್ಟೆ ನಮ್ಗೇ ಉಳೀತು.”

“ಸೋಪಲ್ಲಿ ಒಗ್ದಿದ್ದು ಗೊತ್ತೇ ಆಗ್ಲಿಲ್ವಾ?”

“ಇಲ್ಲ.”

“ನಲವತ್ತು ವರ್ಷ ಚೌಳು ಕೆರೆದೆ ಕಣೇ...” ಎಂದಳು ಮರಿಯಮ್ಮ. ಬಿರುಕು ಬಿಟ್ಟ ಅಂಗೈಗಳನ್ನು ಮಡಿಲಲ್ಲಿ ಮಗುಚಿ ಇಟ್ಟುಕೊಂಡಳು.

ಕೆಂಪಕ್ಕ ಬುಡ್ಡಿದೀಪದ ಪಕ್ಕದಿಂದ ಹರಳೆಣ್ಣೆ ತಂದು ಅತ್ತೆಯ ಕೈಗೆ ಸವರಿದಳು. ಮಿಕ್ಕಿದ್ದನ್ನು ತನ್ನ ಕೈಗೂ ತಿಕ್ಕಿಕೊಂಡಳು. ಮದುವೆಮನೆಯ ಜಿಡ್ಡು ಬಟ್ಟೆಗಳ ಗಂಟು ಆಗಲೇ ಹೊಸಿಲ ಹೊರಗೆ ಬಂದು ಬಿದ್ದಿತ್ತು.