ಗುಜರಿಯೊಳಗೆ ಗಾಡಿ ಕಾಣುವ ಮಲ್ಲಕ್ಕ

ಕುರ್ಲಾದ ಗುಜರಿ ಗಲ್ಲಿಯಲ್ಲಿ ಇನ್ನೂ ಒಂದೂ ಶಟರ್ ಮೇಲೆದ್ದಿಲ್ಲ. ಮೂಲೆಯ ಚಹಾದವನು ಈಗಷ್ಟೇ ಸ್ಟೋವ್ ಹೊತ್ತಿಸುತ್ತಿದ್ದಾನೆ. ಅಷ್ಟರಲ್ಲಿ ಭಿವಂಡಿ ಕಡೆಯಿಂದ ಬಂದ ಟೆಂಪೊ ಹೊಟ್ಟೆಯೊಳಗಿನದನ್ನೆಲ್ಲ ರಸ್ತೆಬದಿಗೆ ಸುರಿಯುತ್ತದೆ. ಬಾಗಿದ ಬಂಪರ್, ತೂತುಬಿದ್ದ ರೇಡಿಯೇಟರ್, ಯಾವ ಕಾಲದ್ದೋ ಬಾಗಿಲು. ದೂಳು ಅಡಗುವ ಮೊದಲೇ ಮಲ್ಲಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಾರೆ.

ಕೈ ರಾಶಿಯೊಳಗೆ ಹೋಗುತ್ತದೆ, ಬರುತ್ತದೆ. ಹೆಚ್ಚಿನದೆಲ್ಲ ಕರಗಿಸುವ ಭಟ್ಟಿಗೆ ಹೋಗುವ ಸರಕು. ಅದನ್ನವರು ಕಣ್ಣೆತ್ತಿಯೂ ನೋಡುವುದಿಲ್ಲ. ನಡುವೆ ಗ್ರೀಸು, ಮಣ್ಣು ಮೆತ್ತಿಕೊಂಡ ಒಂದು ಮುದ್ದೆ ಸಿಗುತ್ತದೆ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿದಂತೆ ಹಿತ್ತಾಳೆಯ ಬಳೆ ಕಾಣುತ್ತದೆ, ಬಳೆಯೊಳಗೆ ಗಾಜಿನ ಸಣ್ಣ ಕೊಳವೆ. ಮಲ್ಲಕ್ಕನ ಮುಖ ಅರಳುತ್ತದೆ.

“ಹೂದಾನಿ ನೋಡ್ರಿ. ಹಿಂದಕ ದೊಡ್ಡ ಮಂದಿ ಗಾಡ್ಯಾಗ ಹೂ ಇಡ್ತಿದ್ರು. ಈಗಿನ ಗಾಡ್ಯಾಗ ಮೊಬೈಲ್ ಇಡಾಕ ಜಾಗಾ ಅದ, ಹೂವಿಗಿಲ್ಲ.”

ಮುಂಬೈಯಲ್ಲಿ ಹಳೆಯ ಕಾರುಗಳನ್ನು ಮತ್ತೆ ಓಡುವಂತೆ ಮಾಡುವ ಗ್ಯಾರೇಜುಗಳಿಗೆ ಮಲ್ಲಕ್ಕ ಗೊತ್ತು. ಬಾಗಿಲ ಹಿಡಿಕೆ, ಕೈಯಿಂದ ಒತ್ತುವ ಹಾರ್ನ್, ತಿರುವಿನಲ್ಲಿ ಗಾಡಿಯ ಪಕ್ಕದಿಂದ ಚಾಚಿಕೊಳ್ಳುತ್ತಿದ್ದ ಪುಟ್ಟ ದೀಪದ ತೋಳು, ಮುಂಬೈ ಜನ ‘ಡುಕ್ಕರ್’, ಅಂದರೆ ಹಂದಿ, ಎಂದು ಕರೆಯುತ್ತಿದ್ದ ಹಳೆ ಫಿಯಟ್ಟಿನ ಮೂತಿಯ ಜಾಲರಿ, ಇಂಥವನ್ನು ಅವರು ರಾಶಿಯಿಂದ ಹೆಕ್ಕುತ್ತಾರೆ. ಯಾವ ಗಾಡಿಯದೆಂದು ಗುರುತಿಸುತ್ತಾರೆ, ತೊಳೆದು ಒರೆಸಿ ಬೇಕಾದವರಿಗೆ ಮುಟ್ಟಿಸುತ್ತಾರೆ. ಗಲ್ಲಿಯ ಹೊರಗೆ ಅವರ ಹೆಸರು ಕೇಳಿದವರು ಕಡಿಮೆ.

ಆಳಂದ ತಾಲೂಕಿನ ಹಳ್ಳಿಯಿಂದ ಮದುವೆಯಾದ ಹೊಸತರಲ್ಲೇ ಶ್ರೀಮಂತ ಎಂಬ ಹೆಸರಿನ ಗಂಡನ ಜೊತೆ ಮುಂಬೈಗೆ ಬಂದವರು ಅವರು. ಮೊದಲು ಬಿಲ್ಡಿಂಗ್ ಕೆಲಸದಲ್ಲಿ ಇಬ್ಬರೂ ಸಿಮೆಂಟು ಹೊತ್ತರು. ಆಮೇಲೆ ಶ್ರೀಮಂತ ಕುರ್ಲಾದಲ್ಲಿ ಹಳೆ ಗಾಡಿ ಒಡೆಯುವ ಕೆಲಸಕ್ಕೆ ಸೇರಿದರು. ಯಾವ ಬೋಲ್ಟು ಎತ್ತ ತಿರುಗಿದರೆ ಸಡಿಲಾಗುತ್ತದೆಂದು ಅವರ ಕೈಗೆ ತಿಳಿದಿತ್ತು. ಒಂದು ಮಧ್ಯಾಹ್ನ ಉಳಿಯ ಏಟಿಗೆ ಸಿಡಿದ ಕಬ್ಬಿಣದ ಚೂರು ಅವರ ಬಲಗಣ್ಣಿಗೆ ಹೊಕ್ಕಿತು. ವರ್ಷ ತುಂಬುವುದರೊಳಗೆ ಎಡಗಣ್ಣೂ ಮಂಕಾಗಿ ಆರಿಹೋಯಿತು.

ಮಗಳು ನಾಗರತ್ನಾ ಆಗ ತೊಡೆಯ ಮೇಲಿನ ಕೂಸು. ಗಂಡ ಬಿಟ್ಟ ಕೆಲಸದ ಜಾಗಕ್ಕೇ ಮಲ್ಲಕ್ಕ ಹೋಗಿ ನಿಂತರು. ಹಿತ್ತಾಳೆ ಬೇರೆ, ಅಲ್ಯುಮಿನಿಯಂ ಬೇರೆ, ಕಬ್ಬಿಣ ಬೇರೆ ಎಂದು ವಿಂಗಡಿಸುವ ಕೆಲಸ ಸಿಕ್ಕಿತು. ಮನೆಯಲ್ಲಿ ಶ್ರೀಮಂತ ಗೋಡೆಗೆ ಮುಖ ಮಾಡಿ ಕೂತಿರುತ್ತಿದ್ದರು. ಊಟಕ್ಕೆ ಕರೆದರೆ ಉಣ್ಣುವರು, ಇಲ್ಲದಿದ್ದರೆ ಇಲ್ಲ. ತಿಂಗಳುಗಟ್ಟಲೆ ಒಂದು ಮಾತಿಲ್ಲ.

“ಒಂದಿನ ರಾಶ್ಯಾಗ ಏನೋ ಚಂದಂದು ಸಿಕ್ತು. ಏನಂತ ನನಗ ಗೊತ್ತಾಗ್ಲಿಲ್ಲ. ಸೇಠ್‌ಗ ಹೇಳಿ ಮನಿಗಿ ತಂದು ಇವ್ರ ಕೈಯಾಗ ಇಟ್ಟೆ. ಇವ್ರು ತಿರಿವಿ ಮುರಿವಿ ಮುಟ್ಟಿ ನೋಡಿದ್ರು. ‘ಇದು ಆಸ್ಟಿನ್ ಗಾಡಿ ಬಾಗಿಲದ ಗ್ಲಾಸ್ ಇಳಸೋ ಹಿಡಿಕಿ. ಎಲ್ಲಿ ಸಿಕ್ತು, ಇದರ ಜೋಡಿ ಇನ್ನೊಂದು ಇರ್ತದ, ನೋಡಿದೇನು’ ಅಂದ್ರು. ಅವತ್ತು ಅನ್ನ ಆರೋತನಾ ಮಾತಾಡಿದ್ರು,” ಎನ್ನುತ್ತಾರೆ ಮಲ್ಲಕ್ಕ.

ಅಂದಿನಿಂದ ಅದೇ ಪಾಠವಾಯಿತು. ಹಗಲು ಕಂಡದ್ದನ್ನು ಸಂಜೆ ಗಂಡನ ಅಂಗೈಗೆ ಇಡುವುದು, ಅವರು ಹೇಳಿದ್ದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದು. ಬಣ್ಣ, ಹೊಳಪು, ಅಚ್ಚೊತ್ತಿದ ಗುರುತು ಮಲ್ಲಕ್ಕನ ಪಾಲಿಗೆ. ತೂಕ, ಅಂಚು, ಹಲ್ಲುಗಳ ಸವೆತ ಶ್ರೀಮಂತರ ಪಾಲಿಗೆ. ಚಾಳಿನ ಒಂದೇ ಕೋಣೆಯಲ್ಲಿ ಪಾತ್ರೆಗಳ ಕಪಾಟಿನ ಪಕ್ಕಕ್ಕೆ ಗಾಡಿ ದೀಪಗಳ ಸಾಲು ಬೆಳೆಯಿತು. “ಘರ್ ಹೈ ಕಿ ಗ್ಯಾರೇಜ್ ಅಂತ ನನ್ ಫ್ರೆಂಡ್ಸ್ ಕೇಳ್ತಾರೆ,” ಎಂದು ಈಗ ಅಂಧೇರಿಯಲ್ಲಿ ಕೆಲಸಕ್ಕಿರುವ ನಾಗರತ್ನಾ ಗೊಣಗುತ್ತಾಳೆ. ಗೊಣಗುತ್ತಲೇ ಹೂದಾನಿಯ ಫೋಟೊ ತೆಗೆದು ಗ್ಯಾರೇಜಿನವರಿಗೆ ಕಳಿಸುವವಳೂ ಅವಳೇ.

ಗಲ್ಲಿಯಲ್ಲಿ ಮಲ್ಲಕ್ಕನ ಮಾತಿಗೆ ಬೆಲೆ ಬಂದದ್ದು ಹೀಗೆ. ಆ ಬೆಲೆ ಎಷ್ಟೆಂದು ತಿಳಿದದ್ದು ಮೂರು ವರ್ಷದ ಹಿಂದೆ.

ಕಲೀನಾದಲ್ಲಿ ದೂಜ ಎಂಬ ಮಂಗಳೂರು ಕಡೆಯ ಮೆಕ್ಯಾನಿಕ್ ಹಳೆ ಕಾರುಗಳ ಗ್ಯಾರೇಜ್ ಇಟ್ಟಿದ್ದಾರೆ. ಮಾಟುಂಗದ ಸತ್ಯಮೂರ್ತಿಯವರ ಮಾರಿಸ್ ಎಯ್ಟ್ ಕಾರು ಅವರಲ್ಲಿಗೆ ರಿಪೇರಿಗೆ ಬಂದಿತ್ತು. ಎಲ್ಲ ಕೂಡಿಬಂದಿತ್ತು, ಸ್ಟಿಯರಿಂಗಿನ ತೋಳೊಂದು ಬಿಟ್ಟು. ಚಕ್ರವನ್ನು ತಿರುಗಿಸುವ ಮೊಣಕೈ ಉದ್ದದ ಉಕ್ಕಿನ ತುಂಡು ಅದು. ಮಲ್ಲಕ್ಕ ಕೂರುತ್ತಿದ್ದ ಅಂಗಡಿಯ ಸೇಠ್ ಬಳಿ ಅಂಥದ್ದೊಂದು, ಕಪ್ಪು ಬಣ್ಣ ಬಳಿದದ್ದು, ಇತ್ತು. ದೂಜ ಬಂದು, “ಮಲ್ಲಕ್ಕ, ನೀವು ಒಮ್ಮೆ ನೋಡಿ ಹೇಳಿ ಮಾರಾಯ್ರೆ. ಸ್ಟಿಯರಿಂಗಿನ ಸಾಮಾನು, ತಮಾಷೆ ಅಲ್ಲ,” ಎಂದರು.

ತುಂಡು ಅದೇ ಗಾಡಿಯದು, ಅನುಮಾನವಿರಲಿಲ್ಲ. ಆದರೂ ಮಲ್ಲಕ್ಕ ಅದನ್ನು ಮನೆಗೆ ಒಯ್ದರು. ಶ್ರೀಮಂತ ಉಗುರಿನಿಂದ ಬಣ್ಣದ ಮೇಲೆ ಗೀರುತ್ತ ಹೋಗಿ ನಡುವೆ ಒಂದೆಡೆ ಬೆರಳು ನಿಲ್ಲಿಸಿದರು. “ಇಲ್ಲಿ ಮುಟ್ಟು. ಹರಿದ ಚಪ್ಲಿ ಹೊಲಿದಂಗ ಅದ.” ಬಣ್ಣದಡಿ ಬೆಸುಗೆಯ ಗೆರೆ ಇತ್ತು. ಒಮ್ಮೆ ಮುರಿದದ್ದನ್ನು ಯಾರೋ ಕೂಡಿಸಿದ್ದರು.

ಮರುದಿನ ಮಲ್ಲಕ್ಕ ಮೊದಲು ಸೇಠ್‌ಗೆ ಹೇಳಿದರು. “ಪುರಾನಾ ಮಾಲ್ ಹೈ, ಇತನಾ ತೋ ಚಲತಾ ಹೈ. ತೂ ಚುಪ್ ರೆಹ್,” ಎಂದ ಸೇಠ್, ಹಳೆ ಮಾಲಿನಲ್ಲಿ ಇಷ್ಟು ನಡೆಯುತ್ತದೆ, ಸುಮ್ಮನಿರು ಎಂದು. ದೂಜ ಬಂದಾಗ ಸೇಠ್‌ನ ಎದುರಿಗೇ ಮಲ್ಲಕ್ಕ ಬೆಸುಗೆಯ ಗೆರೆ ತೋರಿಸಿದರು.

“ಬಾಗಿಲ ಹಿಡಿಕಿ ಮುರಿದ್ರ ಬಾಗಿಲಾ ತೆಗ್ಯಾಕ ಬರಂಗಿಲ್ಲ, ಅಷ್ಟೇ. ಇದು ಮುರಿದ್ರ ಗಾಡಿ ಎತ್ತ ಹೋಗ್ತದ? ಒಂದು ಚೂರು ಕಬ್ಬಿಣ ಒಂದು ಮನ್ಯಾಗ ಏನು ಮಾಡ್ತದ ಅಂತ ನಾ ನೋಡೀನ್ರಿ.”

ಅಂದೇ ಅವರ ಜಾಗ ಹೋಯಿತು. ಸೇಠ್‌ನ ಮಾತು ಕೇಳಿ ಉಳಿದ ಅಂಗಡಿಗಳೂ ರಾಶಿಗೆ ಕೈಹಾಕಲು ಬಿಡಲಿಲ್ಲ. ಮಲ್ಲಕ್ಕ ಸಾಂತಾಕ್ರೂಜಿನ ಒಂದು ಹೋಟೆಲಿನಲ್ಲಿ ಪಾತ್ರೆ ತೊಳೆಯಲು ಸೇರಿದರು. ಸೋಪಿನ ನೀರಿಗೆ ಬೆರಳ ತುದಿ ಬಿರಿದು, ಮುಟ್ಟಿದ್ದು ತಿಳಿಯದಂತಾಯಿತು. ಮನೆಯಲ್ಲಿ ಶ್ರೀಮಂತ ಮತ್ತೆ ಗೋಡೆಯ ಕಡೆ ತಿರುಗಿದರು. “ನಾ ಬಾಯಿ ಮುಚ್ಚಿದ್ರ ಆಗ್ತಿತ್ತು,” ಎನ್ನುವರು. “ನೀವು ಬಾಯಿ ಮುಚ್ಚಿದ್ದು ಒಂದ್ಸಲ ನೋಡೀನಿ, ಸಾಕು,” ಎಂದರಂತೆ ಮಲ್ಲಕ್ಕ.

ಆ ದಿನಗಳಲ್ಲೇ ಒಂದು ಬೆಳಿಗ್ಗೆ ಹೋಟೆಲಿಗೆ ಹೋಗುವ ದಾರಿಯಲ್ಲಿ, ಮಾರ್ಕೆಟಿನ ಬಳಿ ಐಸ್ ಹೊತ್ತ ಕೈಗಾಡಿಯೊಂದು ನಿಂತಿತ್ತು. ನಡೆದು ಹೋಗುತ್ತಿದ್ದ ಮಲ್ಲಕ್ಕ ಹಿಂದಿರುಗಿ ಬಂದು ಗಾಡಿಯ ಕೆಳಗೆ ಬಗ್ಗಿದರು. ಹಳೆ ಮಾರಿಸ್ ಎಯ್ಟ್ ಕಾರೊಂದರ ಮುಂದಿನ ಆಕ್ಸಲ್ಲನ್ನೇ ಕೈಗಾಡಿಗೆ ಹಾಕಿದ್ದರು. ಚಕ್ರ ಅತ್ತಿತ್ತ ಹೊರಳದಿರಲೆಂದು ಸ್ಟಿಯರಿಂಗಿನ ತೋಳುಗಳನ್ನು ಹಾಗೇ ಬಿಟ್ಟು ಅಡ್ಡಪಟ್ಟಿಗೆ ಬಿಗಿದಿದ್ದರು. ಮೇಲಿಂದ ಐಸಿನ ನೀರು ತೊಟ್ಟಿಕ್ಕುತ್ತಿತ್ತು.

“ಅವ್ವಾ, ಏನರೆ ಬಿದ್ದದೇನು?” ಎಂದ ಗಾಡಿಯವನು. ಯಾದಗಿರಿ ಕಡೆಯ ಶರಣು. ಊರ ಮಾತು ಕೇಳಿ ಮಲ್ಲಕ್ಕನಿಗೆ ಧೈರ್ಯ ಬಂತು. ಗಾಡಿಯ ಹೊಟ್ಟೆಯಲ್ಲಿ ಏನಿದೆಯೆಂದು ಹೇಳಿ, ಅದನ್ನು ಕೊಡುವೆಯಾ ಎಂದು ಕೇಳಿದರು. ಶರಣು ಮೊದಲು ನಂಬಲಿಲ್ಲ. “ನಮ್ಮ ಮಾಮಾನ ಕಾಲದ ಗಾಡಿ ಇದು. ಕೊಡ್ತೀನಿ, ಖರೆ ನನ್ನ ದಂಧೆ ಒಂದಿನಾನೂ ನಿಂದ್ರಬಾರ್ದು,” ಎಂದ.

ಮಲ್ಲಕ್ಕ ದೂಜರಿಗೆ ಸುದ್ದಿ ಮುಟ್ಟಿಸಿದರು. ಮರುದಿನ ಶ್ರೀಮಂತರನ್ನು ಆಟೊದಲ್ಲಿ ಕೂರಿಸಿಕೊಂಡು ಬಂದರು. ಕಣ್ಣಿಲ್ಲದ ಮನುಷ್ಯ ಮಾರ್ಕೆಟಿನ ಒದ್ದೆ ನೆಲದ ಮೇಲೆ ಅಂಗಾತ ಮಲಗಿ ಗಾಡಿಯಡಿ ಸರಿದರು. ತೋಳನ್ನು ಉದ್ದಕ್ಕೂ ಸವರಿ, ಸ್ಪ್ಯಾನರಿನಿಂದ ಮೆಲ್ಲಗೆ ಬಡಿದು ಕಿವಿಗೊಟ್ಟರು. ಮೀನಿನ ಬುಟ್ಟಿ ಹೊತ್ತ ಹೆಂಗಸರು ನಿಂತು ನೋಡಿದರು. “ಹೊಲಿಗಿ ಇಲ್ಲ,” ಎಂದರು ಶ್ರೀಮಂತ ಒಳಗಿನಿಂದಲೇ. “ದನಿ ಚೊಕ್ಕ ಅದ.”

ದೂಜ ಹೊಸ ಆಕ್ಸಲ್ ಸಿದ್ಧ ಮಾಡಿಟ್ಟುಕೊಂಡು, ಐಸ್ ಮುಗಿದ ಒಂದು ಮಧ್ಯಾಹ್ನ ಅದಲುಬದಲು ಮಾಡಿದರು. ತೋಳನ್ನು ಬಿರುಕು ಪತ್ತೆಹಚ್ಚುವ ವರ್ಕ್‌ಶಾಪಿಗೂ ಕಳಿಸಿದರು. ಹಾಗೆ ಕಳಿಸಲೇಬೇಕೆಂದು ಹಠ ಹಿಡಿದವರು ಮಲ್ಲಕ್ಕ. “ಕೈ ತಪ್ತದ, ಕಿವಿನೂ ತಪ್ತದ. ಮಿಷನ್‌ಗೂ ಒಂದ್ಮಾತು ಕೇಳ್ರಿ ಅಂದೆ.” ಮಿಷನ್ನೂ ಅದನ್ನೇ ಹೇಳಿತು. ಶರಣುವಿನ ತಕರಾರು ಬೇರೆ. “ಹೊಸಾದು ಎಷ್ಟು ಹಗುರ ಎಳೀತದ್ರಿ. ಈ ಅವ್ವ ಮೊದಲೇ ಬರಬೇಕಾಗಿತ್ತು.”

ದೂಜ ತಮ್ಮ ಗ್ಯಾರೇಜಿನ ಒಂದು ಮೂಲೆಯನ್ನು ಮಲ್ಲಕ್ಕನಿಗೆ ಬಿಟ್ಟುಕೊಟ್ಟಿದ್ದಾರೆ. “ಉಪಕಾರ ಅಂತ ಬರೀಬೇಡಿ. ನನಗೆ ಇವರ ಮಾತು ಬೇಕು, ಅದಕ್ಕೆ ಜಾಗ ಕೊಟ್ಟದ್ದು,” ಎನ್ನುತ್ತಾರೆ ಅವರು. ಕ್ರಮೇಣ ಗಲ್ಲಿಯ ಅಂಗಡಿಗಳೂ ಒಂದೊಂದಾಗಿ ಕರೆದವು. ಮಲ್ಲಕ್ಕ ನೋಡಿ ಹೇಳಿದ ಸಾಮಾನನ್ನು ಗಿರಾಕಿಗಳು ಮರುಮಾತಿಲ್ಲದೆ ಕೊಳ್ಳುವುದು ಅವರಿಗೂ ಗೊತ್ತಾಯಿತು. ಆ ಸೇಠ್ ಮಾತ್ರ ಇವತ್ತಿಗೂ ಮುಖ ತಿರುಗಿಸುತ್ತಾನೆ. ಮಲ್ಲಕ್ಕ ಅವನ ಅಂಗಡಿಯ ಮುಂದೆಯೇ ನಡೆದು ಬರುತ್ತಾರೆ.

ಮಾರಿಸ್ ಓಡಿದ ಮೊದಲ ಭಾನುವಾರ ಸತ್ಯಮೂರ್ತಿ ಅದನ್ನು ತಾವೇ ಕುರ್ಲಾದ ಚಾಳಿಗೆ ತಂದಿದ್ದರು. “ನಮ್ಮ ತಂದೆ ಮೈಸೂರಿಂದ ಬಂದು ಫೋರ್ಟ್‌ನಲ್ಲಿ ಬ್ಯಾಂಕ್ ಕೆಲಸಕ್ಕೆ ಸೇರಿದ್ರು. ಅವರು ಕೊಂಡ ಒಂದೇ ಗಾಡಿ ಇದು. ಇದರಲ್ಲಿ ಮೊದಲು ಕೂರಬೇಕಾದವರು ಇವರಿಬ್ಬರೇ ಅಂತ ನನಗನ್ನಿಸ್ತು,” ಎಂದು ನೆನೆಯುತ್ತಾರೆ. ಶ್ರೀಮಂತರನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು, ಸಾಯನ್ ದಾಟಿ ಮಾಟುಂಗದವರೆಗೆ ಹೋದರು. ಶ್ರೀಮಂತ ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಊರಿ, ದಾರಿಯುದ್ದಕ್ಕೂ ಕೂತಿದ್ದರು. ಇಳಿಯುವಾಗ ಇಂಜಿನ್ ಸದ್ದಿನಲ್ಲಿ ಒಂದು ಚೂರು ಟಕಟಕ ಇದೆ, ದೂಜರಿಗೆ ತೋರಿಸಿ ಎಂದಷ್ಟೇ ಹೇಳಿದರು. ಹಿಂದಿನ ಸೀಟಿನಲ್ಲಿದ್ದ ಮಲ್ಲಕ್ಕ ಮುಸಿಮುಸಿ ನಕ್ಕರು.

ಇಷ್ಟು ವರ್ಷ ಗುಜರಿಯಲ್ಲಿ ಕೂತು ಏನು ಕಂಡಿರಿ ಎಂದರೆ ಅವರು ಕೈಯ ಮಸಿ ಒರೆಸಿಕೊಳ್ಳುತ್ತ ಯೋಚಿಸುತ್ತಾರೆ.

“ಮೊದಲ ನಮ್ಮವ್ರು ಗಾಡಿ ಒಡೀತಿದ್ರು. ಅದರ ಕೂಲ್ಯಾಗೇ ಉಂಡೀವಿ, ಸುಳ್ಳು ಹೇಳಬಾರ್ದು. ಈಗ ನಮ್ಮ ಕೈ ಹಾದು ಹೋದ ಗಾಡಿ ಓಡ್ತಾವ.”